ಬಾಟಲಿಯ ಬ್ರಾಹ್ಮಿ, ಬಾವಿಕಟ್ಟೆಯ ತಿಮರೆ

ಅಕ್ಕನ ಮಗ ರಜೆಗೆ ಕಾಸರಗೋಡಿನ ನೀರ್ಚಾಲಿನ ನಮ್ಮ ಮನೆಗೆ ಬಂದಿದ್ದಾನೆ. ಬಿಜಿಎಂಐ ಅಂತ ಮೊಬೈಲಿನಲ್ಲಿ ಗುಂಡು ಹಾರಿಸುವ ಆಟ ಆಡುವ ಹುಡುಗ. ನಾಲ್ಕು ಜನರ ಟೀಮು, ಆನ್‌ಲೈನ್ ಟೂರ್ನಮೆಂಟು, ಎಲ್ಲಾ ಇದೆ. ಮೊನ್ನೆ ಅವನ ಚೀಲದಿಂದ ಒಂದು ಕಪ್ಪು ಬಾಟಲಿ ಹೊರಗೆ ಬಂತು.

"ಇದೆಂತದಾ?"

"ಬ್ರಾಹ್ಮಿ ಮಾವ, ಫೋಕಸ್‌ಗೆ. ಸಾವಿರದ ಇನ್ನೂರು."

ಅಮ್ಮ ಅಡುಗೆಮನೆಯಿಂದಲೇ ನಕ್ಕರು. "ಬಾವಿಕಟ್ಟೆ ಹತ್ತಿರ ತಿಮರೆ ಹಬ್ಬಿ ಬಿದ್ದಿದೆ. ತಂಬುಳಿ ಮಾಡಿ ಕೊಡ್ತೇನೆ, ಪುಕ್ಕಟೆ."

ಗಮ್ಮತ್ತು ಏನಂದ್ರೆ, ಅದು ಬೇರೆ, ಇದು ಬೇರೆ. ಕನ್ನಡದಲ್ಲಿ ಎಷ್ಟೋ ಜನ ಬ್ರಾಹ್ಮಿ ಅನ್ನುವುದು ಒಂದೆಲಗಕ್ಕೆ, ಅಂದರೆ ತುಳುವಿನ ತಿಮರೆಗೆ. ಮಲಯಾಳದವರ ಬ್ರಹ್ಮಿ ಬಕೋಪಾ ಮೊನ್ನಿಯೆರಿ, ಒದ್ದೆ ನೆಲದಲ್ಲಿ ಹರಡುವ ಪುಟ್ಟ ದಪ್ಪ ಎಲೆಯ ನೀರುಬ್ರಾಹ್ಮಿ. ತಿಮರೆಗೆ ಅವರು ಮುತ್ತಿಳ್ ಅಂತಾರೆ. ಬಾಟಲಿಯಲ್ಲಿದ್ದದ್ದು ಬಕೋಪಾ. ಗಡಿಯಲ್ಲಿರುವ ನಮಗೆ ಹೆಸರು ಒಂದು, ಗಿಡ ಎರಡು!

ಬಕೋಪಾ ಬರೀ ಬುರುಡೆ ಅಂತ ನಾನು ಹೇಳುವುದಿಲ್ಲ. ದಿನಕ್ಕೆ ಸುಮಾರು 300 ಮಿಲಿಗ್ರಾಂ ಸಾರ, 12 ವಾರ ಕೊಟ್ಟು ನೋಡಿದ ಪ್ರಯೋಗಗಳಿವೆ. ಕೆಲವದರಲ್ಲಿ ನೆನಪಿನ ಪರೀಕ್ಷೆಗಳಲ್ಲಿ ಸ್ವಲ್ಪ ಪ್ರಯೋಜನ ಕಂಡಿದೆ. ಹೊಟ್ಟೆ ಕೆಡುವುದೂ ಉಂಟು. ಆದ್ರೆ ನಮ್ಮವನಿಗೆ ಅರ್ಧ ಗಂಟೆಯಲ್ಲೇ "ಪವರ್" ಬರ್ತದಂತೆ! ಸಂಶಯ ಬಂತು. ಲೇಬಲ್‌ನ ಫೋಟೊ ತೆಗೆದು ಜೂಮ್ ಮಾಡಿದೆ. ಕೊನೇ ಸಾಲಿನಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ: ಗ್ವಾರಾನಾ.

ಗ್ವಾರಾನಾ ಅಮೆಜಾನ್ ಕಾಡಿನ ಒಂದು ಬಳ್ಳಿಯ ಬೀಜ. ಕಾಫಿ ಬೀಜಕ್ಕಿಂತ ಜಾಸ್ತಿ ಕೆಫೀನ್ ಅದರಲ್ಲಿದೆ. ಬಾಟಲಿಯವರು ಗಿಡಮೂಲಿಕೆ ಅಂದದ್ದು ಸುಳ್ಳಲ್ಲ, ಅಲ್ವಾ? ಎಷ್ಟು ಕೆಫೀನ್ ಅಂತ ಮಾತ್ರ ಬರೆದಿಲ್ಲ. ನನ್ನ ಸಿಟ್ಟು ಅದಕ್ಕೇ. ಇವನು ರಾತ್ರಿ ಹತ್ತಕ್ಕೆ ಎರಡು ಮಾತ್ರೆ ನುಂಗಿ, ಮೇಲಿಂದ ಕಟ್ಟನ್ ಚಾಯ (ಹಾಲಿಲ್ಲದ ಚಹಾ) ಕುಡಿದು, ಎರಡು ಗಂಟೆಗೆ ನಿದ್ದೆ ಬರಲ್ಲ ಅಂತ ಹೊರಳಾಡ್ತಾನೆ. ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯಲಿಕ್ಕೇ ಸುಮಾರು ಐದು ಗಂಟೆ ಬೇಕು. ಮರುದಿನ ಕಣ್ಣು ಕೆಂಪು, ಕೈ ನಡುಕ. ಇಂಥ ಕೈಯಲ್ಲಿ ಗುರಿ ಹೇಗೆ ಸಿಗಬೇಕು?

"ಪ್ರೋಗಳೂ ತಗೊಳ್ತಾರೆ ಮಾವ" ಅಂದ. 2015ರಲ್ಲಿ ಕೌಂಟರ್ ಸ್ಟ್ರೈಕ್ ಅನ್ನುವ ಕಂಪ್ಯೂಟರ್ ಆಟದ ಒಬ್ಬ ವೃತ್ತಿಪರ ಆಟಗಾರ ಅಡೆರಾಲ್ ಅನ್ನುವ ಉತ್ತೇಜಕ ಔಷಧಿ ತಗೊಂಡು ಆಡಿದ್ದಾಗಿ ಬಾಯಿಬಿಟ್ಟ. ಅದಾದ ಮೇಲೆ ಇಎಸ್‌ಎಲ್ ಅನ್ನುವ ಗೇಮಿಂಗ್ ಸಂಸ್ಥೆಯ ಟೂರ್ನಿಗಳಲ್ಲಿ ಡ್ರಗ್ ಟೆಸ್ಟ್ ಶುರುವಾಯಿತು. ಅದನ್ನು ಹೇಳಿದೆ. ಅಡೆರಾಲ್ ಬೇರೆ, ಇದು ಆಯುರ್ವೇದ ಅಂದ. ಬ್ರೆಜಿಲ್‌ನ ಬಳ್ಳಿ ಯಾವಾಗ ಆಯುರ್ವೇದಕ್ಕೆ ಸೇರಿತೋ!

ನಿನ್ನೆ ತಂಬುಳಿಯನ್ನು ಎರಡು ಸಲ ಹಾಕಿಸಿಕೊಂಡು ಉಂಡ. ಊಟ ಆದದ್ದೇ ಸೋಫಾದಲ್ಲಿ ನಿದ್ದೆ. ಹನ್ನೊಂದರ ಮ್ಯಾಚೂ ತಪ್ಪಿತು. ಈಗ ಅಜ್ಜಿಯ ಮೇಲೆ ಸಿಟ್ಟು.