ಪೆಟ್ರೋಲ್, ಡೀಸೆಲ್ ಬೆಲೆ ತಿಂಗಳಿಗೊಮ್ಮೆ ಮಾತ್ರ ಬದಲಾಗಬೇಕಾ?

ಪರ: ಬಾಡಿಗೆ ಒಪ್ಪಿದ ದಿನ ಒಂದು ಬೆಲೆ, ಟ್ಯಾಂಕ್ ತುಂಬಿಸುವ ದಿನ ಇನ್ನೊಂದು

ಲಾರಿ ಓಡಿಸುವವರ ಲೆಕ್ಕ ಸರಳ. ಬಂದ ಬಾಡಿಗೆಯಲ್ಲಿ ಡೀಸೆಲ್ ಕಳೆಯಬೇಕು, ಟೋಲ್ ಕಳೆಯಬೇಕು, ಟೈರಿಗೆ ಅಂತ ಸ್ವಲ್ಪ ಎತ್ತಿಡಬೇಕು. ಉಳಿದದ್ದು ಮನೆಗೆ. ಇದರಲ್ಲಿ ಡೀಸೆಲ್ಲಿನದೇ ದೊಡ್ಡ ಪಾಲು. ಬಾಡಿಗೆ ಮಾತಾಡುವಾಗ ನಾನು ಅವತ್ತಿನ ಬೆಲೆ ಹಿಡಿದು ಲೆಕ್ಕ ಹಾಕುತ್ತೇನೆ. ಲೋಡು ಹತ್ತುವುದು ನಾಲ್ಕು ದಿನ ಬಿಟ್ಟು. ಅಷ್ಟರಲ್ಲಿ ಬಂಕಿನ ಬೋರ್ಡಿನ ಅಂಕಿ ಬದಲಾಗಿರುತ್ತದೆ. ಬಾಡಿಗೆ ಮಾತ್ರ ಒಪ್ಪಿಕೊಂಡಷ್ಟೇ.

ಒಂದು ಸಲದ ಮಾತು ಹೇಳುತ್ತೇನೆ. 600 ಕಿಲೋಮೀಟರ್ ದಾರಿ. ನನ್ನ ಗಾಡಿ ಲೋಡಿನಲ್ಲಿ ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುತ್ತದೆ, ಹಾಗಾಗಿ 150 ಲೀಟರ್ ಬೇಕು. ಅಷ್ಟಕ್ಕೆ ಆಗುವ ದುಡ್ಡನ್ನು ರಬ್ಬರ್ ಬ್ಯಾಂಡ್ ಹಾಕಿ ಬೇರೆಯಾಗಿಯೇ ಇಟ್ಟುಕೊಂಡಿದ್ದೆ. ಬೆಳಗಿನ ಜಾವ ಬಂಕಿಗೆ ಹೋದೆ. ಹುಡುಗ ಪೈಪು ಸಿಕ್ಕಿಸಿದ. ಮೀಟರಿನಲ್ಲಿ ಮೇಲಿನ ಸಾಲು ದುಡ್ಡಿನದು, ಕೆಳಗಿನದು ಲೀಟರಿನದು. ಮೇಲಿನ ಸಾಲು ನಾನು ಕೊಟ್ಟಷ್ಟಕ್ಕೆ ಬಂದು ಟಕ್ ಅಂತ ನಿಂತಿತು. ಕೆಳಗೆ ನೋಡಿದರೆ 143 ಕೂಡ ಆಗಿರಲಿಲ್ಲ. 'ಇನ್ನೂ ಹಾಕ್ಲಾ ಅಣ್ಣಾ?' ಅಂದ ಹುಡುಗ. ನಾಲ್ಕು ದಿನದಲ್ಲಿ ಬೆಲೆ ನೂರಕ್ಕೆ ಐದರಷ್ಟು ಏರಿತ್ತು. ಕಡಿಮೆ ಬಿದ್ದ ಏಳು ಲೀಟರಿನಲ್ಲಿ ಸುಮಾರು 30 ಕಿಲೋಮೀಟರ್ ಹೋಗಬಹುದು. ಅಷ್ಟು ದಾರಿ ನಾನು ಕೈಯಿಂದ ದುಡ್ಡು ಹಾಕಿ ಓಡಿಸಿದೆ.

ಡೀಸೆಲ್ ದುಬಾರಿ ಅಂತ ನಾನು ಗೊಣಗುತ್ತಿಲ್ಲ. ದುಬಾರಿ ಅಂತ ಮೊದಲೇ ಗೊತ್ತಿದ್ದರೆ ಬಾಡಿಗೆಯನ್ನೂ ಹಾಗೇ ಕೇಳುತ್ತೇನೆ. ಗೊತ್ತಿಲ್ಲದೆ ಒಪ್ಪಿಕೊಳ್ಳುವುದೇ ಕಷ್ಟ. ಟ್ಯಾಕ್ಸಿಯವರ ಪಾಡು ಇನ್ನೂ ಬಿಗಿ. ಅವರ ಮೀಟರ್ ದರ ಪರಿಷ್ಕರಣೆ ಆಗುವುದಕ್ಕೆ ವರ್ಷಗಟ್ಟಲೆ ಕಾಯಬೇಕು, ಪೆಟ್ರೋಲ್ ಬೆಲೆ ಮಾತ್ರ ಯಾವತ್ತು ಬೇಕಾದರೂ ಕುಣಿಯಬಹುದು.

ತಿಂಗಳಿಗೊಮ್ಮೆ ಬೆಲೆ ಗೊತ್ತುಮಾಡುವುದು ಆಗದ ಹೋಗದ ಮಾತೇನಲ್ಲ. ದಕ್ಷಿಣ ಆಫ್ರಿಕಾದಲ್ಲಿ ಪೆಟ್ರೋಲ್ ಬೆಲೆ ಬದಲಾಗುವುದು ಪ್ರತಿ ತಿಂಗಳ ಮೊದಲ ಬುಧವಾರ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ 2015ರ ಆಗಸ್ಟಿನಿಂದ ಪೆಟ್ರೋಲ್, ಡೀಸೆಲ್ ಎರಡಕ್ಕೂ ತಿಂಗಳ ಬೆಲೆಯೇ. ಅಲ್ಲೂ ಬೆಲೆ ಜಗತ್ತಿನ ಮಾರುಕಟ್ಟೆಯ ಜೊತೆಗೇ ಏರುತ್ತದೆ, ಇಳಿಯುತ್ತದೆ. ಆದರೆ ಏರಿದ್ದು ಒಂದು ತಿಂಗಳು ಏರಿದ್ದೇ ಇರುತ್ತದೆ. ಓಡಿಸುವವನಿಗೆ ತಿಂಗಳ ಲೆಕ್ಕ ಸಿಗುತ್ತದೆ.

ನಡುವೆ ಕಚ್ಚಾ ತೈಲ ಏರಿದರೆ ನಷ್ಟ ಯಾರಿಗೆ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ದಕ್ಷಿಣ ಆಫ್ರಿಕಾದಲ್ಲಿ ಆ ತಿಂಗಳು ಕಂಪನಿಗಳಿಗೆ ಕಡಿಮೆ ಬಂದದ್ದು, ಜಾಸ್ತಿ ಬಂದದ್ದು ಎರಡನ್ನೂ ಬರೆದಿಟ್ಟುಕೊಂಡು ಮುಂದಿನ ಬೆಲೆಯಲ್ಲಿ ಸರಿದೂಗಿಸುತ್ತಾರೆ. ಯಾರ ದುಡ್ಡೂ ಮುಳುಗುವುದಿಲ್ಲ. ಒಂದು ತಿಂಗಳು ಕಾಯಬೇಕು, ಅಷ್ಟೇ. ಕಾಯುವ ಶಕ್ತಿ ಯಾರಿಗಿದೆ ಹೇಳಿ. ಎಣ್ಣೆ ಕಂಪನಿಗಳಿಗೆ ದೊಡ್ಡ ದೊಡ್ಡ ಸಂಗ್ರಹ ಟ್ಯಾಂಕುಗಳಿವೆ. ಮುಂದಿನ ತಿಂಗಳ ತೈಲವನ್ನು ಇವತ್ತಿನ ದರಕ್ಕೇ ಕುದುರಿಸಿಕೊಳ್ಳುವ ವಾಯಿದೆ ಮಾರುಕಟ್ಟೆ ಇದೆ. ನನ್ನ ಹತ್ತಿರ ಇರುವುದು 300 ಲೀಟರಿನ ಒಂದು ಟ್ಯಾಂಕು.

ಇನ್ನೊಂದು ಮಾತು. ದಿನಾ ಬದಲಾಗುವ ಬೆಲೆ ಎರಡೂ ಕಡೆಗೆ ಒಂದೇ ವೇಗದಲ್ಲಿ ಹೋಗುತ್ತದೆ ಅಂತ ನಂಬಿಸಲು ನೋಡುತ್ತಾರೆ. 1991ರಲ್ಲೇ ರಾಬರ್ಟ್ ಬೇಕನ್ ಎಂಬ ಅರ್ಥಶಾಸ್ತ್ರಜ್ಞ ಬ್ರಿಟನ್ನಿನ ಪೆಟ್ರೋಲ್ ಬೆಲೆಗಳನ್ನು ಕಲೆಹಾಕಿ ನೋಡಿದ್ದರು. ಖರ್ಚು ಏರಿದಾಗ ಬಂಕಿನ ಬೆಲೆ ರಾಕೆಟ್ಟಿನ ಹಾಗೆ ಏರುತ್ತದೆ, ಖರ್ಚು ಇಳಿದಾಗ ಹಕ್ಕಿಯ ಗರಿಯ ಹಾಗೆ ನಿಧಾನವಾಗಿ ಇಳಿಯುತ್ತದೆ ಅಂತ ಅವರು ಕಂಡುಕೊಂಡದ್ದು. ಇದು ನಮಗೆ ಗೊತ್ತಿರದ ವಿಷಯವಾ? ಆಸ್ಟ್ರಿಯಾದಲ್ಲಿ 2011ರಿಂದ ಬಂಕುಗಳು ದಿನಕ್ಕೆ ಒಂದೇ ಸಲ, ಮಧ್ಯಾಹ್ನ ಹನ್ನೆರಡಕ್ಕೆ ಮಾತ್ರ ಬೆಲೆ ಏರಿಸಬಹುದು ಎಂಬ ನಿಯಮ ತಂದರು. ಇಳಿಸುವುದಾದರೆ ಯಾವಾಗ ಬೇಕಾದರೂ ಇಳಿಸಬಹುದು. ಏರಿಕೆಗೆ ಕಡಿವಾಣ ಬೇಕು ಅಂತ ಅವರಿಗೂ ಅನ್ನಿಸಿತು ಅಲ್ವಾ? ನಾವು ಆ ಕಡಿವಾಣವನ್ನು ಇನ್ನೂ ಸ್ವಲ್ಪ ಬಿಗಿ ಮಾಡಿ, ದಿನದ ಬದಲು ತಿಂಗಳು ಮಾಡಿ ಅಂತ ಕೇಳುತ್ತಿದ್ದೇವೆ.

ಮುಂದಿನ ತಿಂಗಳ ಬೆಲೆ ಇಷ್ಟು ಅಂತ ಮೂರು ದಿನ ಮೊದಲೇ ಹೇಳಿ. ಜಾಸ್ತಿಯಾದರೂ ಪರವಾಗಿಲ್ಲ. ಲೋಡು ಒಪ್ಪಬೇಕಾ ಬೇಡವಾ ಅಂತ ನಾವು ನೋಡಿಕೊಳ್ಳುತ್ತೇವೆ.

ವಿರೋಧ: ಬದಲಾಗಬೇಕಾದ್ದು ಬಾಡಿಗೆ

ಡ್ರೈವರುಗಳ ಸಿಟ್ಟು ನನಗೆ ಚೆನ್ನಾಗಿ ಗೊತ್ತು. ಬಂಕಿನಲ್ಲಿ ಲೆಕ್ಕ ಬರೆಯುತ್ತಿದ್ದ ವರ್ಷಗಳಲ್ಲಿ ಆ ಸಿಟ್ಟು ಮೊದಲು ಬಂದು ಬೀಳುತ್ತಿದ್ದದ್ದು ನನ್ನ ಕಿಟಕಿಯ ಮುಂದೆ. ನೂರಕ್ಕೆ ಐದು ಏರಿ ಏಳು ಲೀಟರ್ ಕೈಬಿಟ್ಟವನ ಸಂಕಟ ಸುಳ್ಳಲ್ಲ. ಆದರೂ ತಿಂಗಳ ಬೆಲೆ ಬೇಡ ಅನ್ನುತ್ತೇನೆ. ಯಾಕೆಂದರೆ ನಾಳೆ ಬೆಲೆ ಏರುತ್ತದೆ ಅಂತ ಎಲ್ಲರಿಗೂ ಮೊದಲೇ ಗೊತ್ತಾದ ಸಂಜೆ ಹೇಗಿರುತ್ತದೆ ಅಂತ ನಾನು ಕಂಡಿದ್ದೇನೆ.

ಆರು ಗಂಟೆಗೆ ಸಾಲು ರಸ್ತೆಗೆ ಬಂತು. ಕಾರಿನವರು ಟ್ಯಾಂಕ್ ಫುಲ್ ಮಾಡಿಸಿ, ಡಿಕ್ಕಿ ತೆಗೆದು ಕ್ಯಾನನ್ನೂ ಮುಂದೆ ಮಾಡಿದರು. ದೊಡ್ಡ ಟ್ರಾನ್ಸ್‌ಪೋರ್ಟಿನವರ ಗಾಡಿಗಳು ಒಂದರ ಹಿಂದೆ ಒಂದು ಬಂದು ನಿಂತವು. ರಾತ್ರಿ ಹತ್ತಕ್ಕೆ ನಾನು ನೆಲದ ಟ್ಯಾಂಕಿನ ಮುಚ್ಚಳ ತೆಗೆದು ಅಳತೆ ಕೋಲು ಇಳಿಸಿದೆ. ಮೇಲೆ ಎತ್ತಿದಾಗ ಕೋಲಿನ ತುದಿ ನಾಲ್ಕು ಬೆರಳಷ್ಟೂ ಒದ್ದೆಯಾಗಿರಲಿಲ್ಲ. ಮೂರು ದಿನ ಬರಬೇಕಾದ ಎಣ್ಣೆ ಒಂದೇ ಸಂಜೆ ಖಾಲಿ. ಆಮೇಲೆ ಬಂದವರು ಯಾರು ಗೊತ್ತಾ? ದಿನದ ದುಡಿಮೆ ಮುಗಿಸಿ, ಆ ದುಡಿಮೆಯಲ್ಲೇ ಐದು ಲೀಟರ್ ಹಾಕಿಸಿಕೊಳ್ಳುವ ಟ್ಯಾಕ್ಸಿಯವರು. ಅವರಿಗೆ 'ನೋ ಸ್ಟಾಕ್' ಬೋರ್ಡು ತೋರಿಸಿದೆ. ಮಾರನೇ ದಿನ ಏರಿದ ಬೆಲೆಯನ್ನು ಪೂರ್ತಿ ಕೊಟ್ಟವರೂ ಅವರೇ.

ಬೆಲೆ ಮೊದಲೇ ಗೊತ್ತಾದರೆ ಲಾಭ ಆಗುವುದು ಕೈಯಲ್ಲಿ ದುಡ್ಡು, ಗಾಡಿಯಲ್ಲಿ ದೊಡ್ಡ ಟ್ಯಾಂಕು ಇರುವವರಿಗೆ. ದಿನಕ್ಕೆ ನಾಲ್ಕು ಕಾಸು ಏರಿದರೆ ಯಾರೂ ಸಾಲು ನಿಲ್ಲುವುದಿಲ್ಲ. ತಿಂಗಳ ಏರಿಕೆ ಒಟ್ಟಿಗೆ ಬಂದರೆ ನಿಂತೇ ನಿಲ್ಲುತ್ತಾರೆ. ಇಳಿಯುವ ತಿಂಗಳಲ್ಲಿ ಇದರ ತಿರುವುಮುರುವು. ಕೊನೆಯ ಮೂರು ದಿನ ಗಿರಾಕಿಯೇ ಇಲ್ಲ. ಬಂಕಿನವನು ಹಳೆಯ ದರದಲ್ಲಿ ಇಳಿಸಿಕೊಂಡ 12,000 ಲೀಟರನ್ನು ಇಳಿದ ದರಕ್ಕೆ ಮಾರಬೇಕು. ಹಾಗಾಗಿ ಆ ವಾರ ಅವನು ಟ್ಯಾಂಕರ್ ತರಿಸುವುದೇ ಇಲ್ಲ.

ಇನ್ನೂ ದೊಡ್ಡ ಅಪಾಯ ಬೇರೆ ಇದೆ. ಒಮ್ಮೆ ಬೆಲೆ ಹಿಡಿದು ನಿಲ್ಲಿಸುವ ಅಧಿಕಾರ ಸರ್ಕಾರದ ಕೈಗೆ ಬಂದರೆ ಅದು ಒಂದು ತಿಂಗಳಿಗೇ ನಿಲ್ಲುತ್ತದಾ? ಹಂಗೆರಿ 2021ರ ನವೆಂಬರಿನಲ್ಲಿ ಪೆಟ್ರೋಲ್, ಡೀಸೆಲ್ ಲೀಟರಿಗೆ 480 ಫೊರಿಂಟ್ ಮೀರಬಾರದು ಅಂತ ಮಿತಿ ಹಾಕಿತು. ಮೂರು ತಿಂಗಳಿಗೆ ಅಂತ ಶುರುವಾದದ್ದು ಒಂದು ವರ್ಷ ದಾಟಿತು. ನಡುವೆ, 2022ರ ಫೆಬ್ರವರಿಯಲ್ಲಿ, ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿತು. ಯುರೋಪ್ ಹೊರಗಿನಿಂದ ತರಿಸುತ್ತಿದ್ದ ಡೀಸೆಲ್ಲಿನಲ್ಲಿ ದೊಡ್ಡ ಪಾಲು ರಷ್ಯಾದ್ದು, ಹಾಗಾಗಿ ಡೀಸೆಲ್ ಪೆಟ್ರೋಲಿಗಿಂತ ಜೋರಾಗಿ ಏರಿತು. ಹಂಗೆರಿಯಲ್ಲಿ ಮಾತ್ರ ಬೋರ್ಡಿನ ಅಂಕಿ ಕದಲಲಿಲ್ಲ. ಆಮದು ಮಾಡಿಕೊಂಡು ನಷ್ಟಕ್ಕೆ ಮಾರುವವರು ಯಾರು? ಬಂಕುಗಳು ಬರಿದಾದವು, ಉದ್ದುದ್ದ ಸಾಲುಗಳು ಬಂದವು. 2022ರ ಡಿಸೆಂಬರ್ 6ರಂದು ಮಿತಿಯನ್ನು ತೆಗೆದೇಬಿಟ್ಟರು. ಅಗ್ಗದ ಬೆಲೆ ಬೋರ್ಡಿನಲ್ಲಿತ್ತು, ಪೈಪಿನಲ್ಲಿ ಎಣ್ಣೆ ಇರಲಿಲ್ಲ.

ಅಮೆರಿಕವೂ 1973ರಲ್ಲಿ ಇದೇ ಪಾಡು ಪಟ್ಟಿತ್ತು. ಅರಬ್ ದೇಶಗಳು ತೈಲ ತಡೆದವು, ಕೆಲವೇ ತಿಂಗಳಲ್ಲಿ ಕಚ್ಚಾ ತೈಲ ಸುಮಾರು ನಾಲ್ಕು ಪಟ್ಟಾಯಿತು. ಅಲ್ಲಿ ಬೆಲೆಗೆ ಸರ್ಕಾರದ ನಿಯಂತ್ರಣವಿತ್ತು. ಕಡೆಗೆ ನಂಬರ್ ಪ್ಲೇಟಿನ ಸರಿ ಸಂಖ್ಯೆ, ಬೆಸ ಸಂಖ್ಯೆ ನೋಡಿ ದಿನ ಬಿಟ್ಟು ದಿನ ಪೆಟ್ರೋಲ್ ಹಾಕಿದರು. ನೈಜೀರಿಯಾದಲ್ಲಿ ವರ್ಷಗಟ್ಟಲೆ ಹಿಡಿದಿಟ್ಟ ಪೆಟ್ರೋಲ್ ಬೆಲೆಯನ್ನು 2012ರ ಜನವರಿ 1ರಂದು ಒಮ್ಮೆಗೇ ಬಿಟ್ಟರು. ಲೀಟರಿಗೆ 65 ನೈರಾ ಇದ್ದದ್ದು 141ರ ಹತ್ತಿರ ಹೋಯಿತು. ದೇಶವೇ ಬೀದಿಗಿಳಿಯಿತು. ಸುಮಾರು ಎರಡು ವಾರದಲ್ಲಿ 97ಕ್ಕೆ ಇಳಿಸಬೇಕಾಯಿತು. ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕಾದ್ದನ್ನು ಗೋಡೆ ಮಾಡಿಟ್ಟರೆ ಜನ ಹತ್ತುವುದು ಹೇಗೆ?

ರಾಕೆಟ್, ಗರಿಯ ಮಾತನ್ನು ನಾನು ಒಪ್ಪುತ್ತೇನೆ. ಬಂಕಿನವರು ಇಳಿಕೆಯನ್ನು ತಡ ಮಾಡುವುದುಂಟು. ಅದಕ್ಕೆ ಮದ್ದು ಬೆಲೆಗಳನ್ನು ಬಯಲಿಗೆ ತರುವುದು. ಜರ್ಮನಿಯಲ್ಲಿ 2013ರಿಂದ ಬಂಕುಗಳು ಬೆಲೆ ಬದಲಿಸಿದ ಕೂಡಲೇ ಸರ್ಕಾರಿ ಘಟಕಕ್ಕೆ ತಿಳಿಸಬೇಕು. ಆ ಮಾಹಿತಿ ಆ್ಯಪುಗಳ ಮೂಲಕ ಓಡಿಸುವವರ ಫೋನಿಗೆ ಬರುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 2001ರಿಂದ ನಾಳೆಯ ಬೆಲೆಯನ್ನು ಇವತ್ತೇ ತಿಳಿಸಿ, ಬೆಳಗ್ಗೆ ಆರರಿಂದ 24 ಗಂಟೆ ಅದನ್ನೇ ಇಡಬೇಕು. ಒಂದು ದಿನದ ಹಿಡಿತಕ್ಕೆ ನನ್ನ ತಕರಾರಿಲ್ಲ. ಒಂದು ದಿನದ ವ್ಯತ್ಯಾಸಕ್ಕೆ ಯಾರೂ ಕ್ಯಾನ್ ತರುವುದಿಲ್ಲ.

ಇನ್ನು ಲಾರಿಯವರ ಬಾಡಿಗೆ. ಅಸಲು ನೋವು ಇರುವುದು ಇಲ್ಲಿ. ಡೀಸೆಲ್ ಓಡುತ್ತದೆ, ಬಾಡಿಗೆ ನಿಂತಿರುತ್ತದೆ, ನಡುವೆ ಸಿಕ್ಕಿಕೊಳ್ಳುವವನು ಡ್ರೈವರ್. ಹಾಗಿದ್ದ ಮೇಲೆ ನಿಂತಿರುವುದನ್ನು ಓಡಿಸಬೇಕಲ್ವಾ? ಸರಕು ಕಳಿಸುವವರಿಗೆ ಡೀಸೆಲ್ ಬೆಲೆಯ ಬಿಸಿ ತಟ್ಟದಂತೆ ಇಷ್ಟು ದಿನ ಅಡ್ಡ ನಿಂತಿರುವವನು ಸಣ್ಣ ಗಾಡಿಯ ಮಾಲೀಕ. ಇದು ಅನ್ಯಾಯ, ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ಅಮೆರಿಕದ ಸರಕು ಸಾಗಣೆಯಲ್ಲಿ ಸರ್ಕಾರ ಪ್ರತಿ ವಾರ ಪ್ರಕಟಿಸುವ ಡೀಸೆಲ್ಲಿನ ಸರಾಸರಿ ಬೆಲೆ ಹಿಡಿದು ಬಾಡಿಗೆಯ ಮೇಲೆ ಇಂಧನದ ಹೆಚ್ಚುವರಿ ಸೇರಿಸುವ ರೂಢಿ ಬಹಳ ಕಾಲದಿಂದ ಇದೆ. ಆದರೆ ಅಲ್ಲೂ ಆ ದುಡ್ಡು ಮಧ್ಯವರ್ತಿಯನ್ನು ದಾಟಿ ಸ್ಟಿಯರಿಂಗ್ ಹಿಡಿದವನ ಕೈಗೆ ತಲುಪುವಂತೆ ಕಾಯಬೇಕು. ಡ್ರೈವರುಗಳ ಸಂಘಗಳು ಗಟ್ಟಿಯಾಗಿ ಕೇಳಬೇಕಾದ್ದು ಇದನ್ನು. ಬಾಡಿಗೆಯ ಚೀಟಿಯಲ್ಲಿ ಒಂದು ಸಾಲು ಜಾಸ್ತಿ ಬರೆಸಿದರೆ ಆಯಿತು: ಇವತ್ತು ಡೀಸೆಲ್ ಇಷ್ಟು, ಲೋಡು ಹತ್ತುವ ದಿನ ಎಷ್ಟಿರುತ್ತದೋ ಆ ವ್ಯತ್ಯಾಸ ಬಿಲ್ಲಿಗೆ. ಅವತ್ತು ಬೆಳಗಿನ ಜಾವ ಬಂಕಿನ ಹುಡುಗ 'ಇನ್ನೂ ಹಾಕ್ಲಾ ಅಣ್ಣಾ' ಅಂದಾಗ, ಆ ಏಳು ಲೀಟರಿನ ದುಡ್ಡು ಸರಕಿನವರ ಲೆಕ್ಕಕ್ಕೆ ಹೋಗುತ್ತದೆ.