ಕಡಲಿಲ್ಲದ ಊರಿನ ಲೈಟ್‌ಹೌಸ್ ಅಧ್ಯಯನ

ಕಲಬುರಗಿಯಿಂದ ಪೂರ್ವಕ್ಕೆ ಹೊರಟರೂ ಪಶ್ಚಿಮಕ್ಕೆ ಹೊರಟರೂ ಸಮುದ್ರ ಕಾಣಬೇಕಾದರೆ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂರಬೇಕು. ಬಹುಶಃ ಅದಕ್ಕೇ ನಮ್ಮ ಕಡೆಯ ಒಂದು ಸ್ಥಳೀಯ ಸಂಸ್ಥೆಯ ಸದಸ್ಯರು ಕರಾವಳಿಯ ಹಳೆಯ ಲೈಟ್‌ಹೌಸ್‌ಗಳ ಅಧ್ಯಯನಕ್ಕೆ ಹೋಗಿ ಬಂದರು. ಸಂಸ್ಥೆ ಯಾವುದು ಅಂತ ಕೇಳಬೇಡಿ. ನಿಮ್ಮೂರಿನದನ್ನೇ ಅಂದುಕೊಂಡು ಓದಿದರೂ ಏನೂ ತಪ್ಪಾಗುವುದಿಲ್ಲ.

ಫೈಲಿನ ಮೇಲೆ ‘ಐತಿಹಾಸಿಕ ಗೋಪುರಗಳನ್ನು ಸಾರ್ವಜನಿಕರಿಗೆ ತೆರೆಯುವ ಬಗೆ’ ಅಂತ ಬರೆದಿತ್ತು. ತಿಂಗಳು ಮೇ. ಊರಲ್ಲಿ ಬಿಸಿಲು 43 ಡಿಗ್ರಿ. ಜ್ಞಾನದಾಹ ಅಂದರೆ ಇದೇ ಅಲ್ವಾ?

ಹಾಗೆ ನೋಡಿದರೆ ವಿಷಯ ಒಳ್ಳೆಯದೇ. ಲೈಟ್‌ಹೌಸ್‌ಗಳನ್ನು 1927ರ ಕಾಯ್ದೆಯಿಂದ ನಡೆಸುತ್ತಿದ್ದ ಸರ್ಕಾರ 2021ರಲ್ಲಿ ಹೊಸ ಕಾಯ್ದೆ ತಂದಿತು. ಹಡಗಿಗೆ ದಾರಿ ತೋರಿಸುವುದರ ಜೊತೆಗೆ ಇವುಗಳನ್ನು ಪಾರಂಪರಿಕ ತಾಣವಾಗಿಯೂ ಬಳಸಬಹುದು ಅಂದಿತು. 2024ರ ಫೆಬ್ರುವರಿಯಲ್ಲಿ ದೇಶದ 75 ಲೈಟ್‌ಹೌಸ್‌ಗಳಲ್ಲಿ ಪ್ರವಾಸಿ ಸೌಲಭ್ಯಗಳು ಉದ್ಘಾಟನೆಯಾದವು. ಆಲಪ್ಪುಳದ್ದು 1862ರದು. ಕೊಲ್ಲಂ ಹತ್ತಿರದ ತಂಗಶ್ಶೇರಿಯದ್ದು 1902ರದು. ಚೆನ್ನೈ ಮರೀನಾದಲ್ಲಿ ಲಿಫ್ಟೇ ಇದೆ. ನಮ್ಮವರು ಮಾತ್ರ ರಾಜ್ಯಾಭಿಮಾನದಿಂದ ಉಡುಪಿ ಜಿಲ್ಲೆಯ ಕಾಪುವನ್ನು ಆರಿಸಿಕೊಂಡರು. ಬಂಡೆಯ ಮೇಲೆ 1901ರಿಂದ ನಿಂತಿರುವ 27 ಮೀಟರ್ ಗೋಪುರ ಅದು.

ತಂಡ ಕಾಪು ತಲುಪಿದ್ದು ನಡುಮಧ್ಯಾಹ್ನ. ಬಾಗಿಲು ಹಾಕಿತ್ತು. ಸಾರ್ವಜನಿಕರಿಗೆ ಬಿಡುವುದು ಸಂಜೆ ಹೊತ್ತು ಮಾತ್ರ.

“ನಾವ್ಯಾರು ಗೊತ್ತದ ಏನ್ರಿ?” ಅಂದರು ಒಬ್ಬ ಸದಸ್ಯರು.

“ಗೊತ್ತಿಲ್ಲ ಮಾರಾಯ್ರೆ. ಸಂಜೆ ಬನ್ನಿ, ಟಿಕೆಟ್ ತಗೊಂಡು ಹತ್ತಿ” ಅಂದರು ಅಲ್ಲಿದ್ದವರು.

ನನ್ನ ಪ್ರಕಾರ ಇಡೀ ಅಧ್ಯಯನ ಅಲ್ಲಿಗೇ ಮುಗಿಯಬೇಕಿತ್ತು. ಬಾಗಿಲು ಯಾವಾಗ ತೆರೆಯುತ್ತದೆ ಎಂಬುದಕ್ಕೆ ಒಂದು ಹೊತ್ತು ಗೊತ್ತಿದೆ. ಹತ್ತಿಪ್ಪತ್ತು ರೂಪಾಯಿಯ ಟಿಕೆಟ್ ಇದೆ. ನೀವು ಯಾರು ಅಂತ ತಲೆ ಕೆಡಿಸಿಕೊಳ್ಳದ ಒಬ್ಬ ಮನುಷ್ಯ ಇದ್ದಾನೆ. ಕಲಿಯಲು ಇನ್ನೇನಿದೆ? ಆದರೆ ಭತ್ಯೆ ಇನ್ನೂ ಎರಡು ದಿನದ್ದು ಉಳಿದಿತ್ತು. ಸಂಜೆ ಅರ್ಧ ತಂಡ ಇಕ್ಕಟ್ಟಾದ ಸುತ್ತು ಮೆಟ್ಟಿಲು ಹತ್ತಿತು. ಉಳಿದರ್ಧ ಕೆಳಗೇ ಕುಳಿತು ಬಂಗುಡೆ ಫ್ರೈ ವಿಷಯದಲ್ಲಿ ಆಳವಾದ ಅಧ್ಯಯನ ನಡೆಸಿತು.

ವರದಿ ಈಗ ಸಿದ್ಧವಾಗಿದೆ. ಸುಮ್ನೆ ಹೇಳಬಾರದು, ಓದಲು ಚೆನ್ನಾಗಿದೆ.

ಪ್ರತಿ ಲೈಟ್‌ಹೌಸ್‌ನ ದೀಪ ಮಿನುಗುವ ಲೆಕ್ಕ ಬೇರೆ ಬೇರೆ. ಎಷ್ಟು ಸೆಕೆಂಡಿಗೆ ಎಷ್ಟು ಸಲ ಮಿನುಗಿತು ಅಂತ ಎಣಿಸಿ ನಾವಿಕರು ತಾವು ಎಲ್ಲಿದ್ದೇವೆ ಅಂತ ತಿಳಿದುಕೊಳ್ಳುತ್ತಾರೆ. ಈ ವ್ಯವಸ್ಥೆ ನಮ್ಮಲ್ಲಿ ಆಗಲೇ ಜಾರಿಯಲ್ಲಿದೆ ಎನ್ನುತ್ತದೆ ವರದಿ. ನಿಜ. ರಾತ್ರಿ ಬಸ್ಸಿಳಿದವರು ಬೀದಿದೀಪ ನೋಡಿಯೇ ಯಾವ ವಾರ್ಡು ಅಂತ ಹೇಳಬಲ್ಲರು. ಒಂದು ಕಡೆ ಮಿಣಮಿಣ, ಇನ್ನೊಂದು ಕಡೆ ಬರೀ ಕಂಬ. ಸರ್ಕಲ್ಲಿನ ಹೈಮಾಸ್ಟ್ ದೀಪ ಉದ್ಘಾಟನೆಯ ದಿನ ಒಂದೇ ಒಂದು ಸಲ ದೀರ್ಘವಾಗಿ ಮಿನುಗುತ್ತದೆ. ಹಗಲಿನಲ್ಲೂ ಗುರುತು ಸಿಗಲಿ ಅಂತ ಕರಾವಳಿಯಲ್ಲಿ ಗೋಪುರಗಳಿಗೆ ಪಟ್ಟೆ ಬಳಿಯುತ್ತಾರೆ. ನಮ್ಮ ಕಂಬಗಳಿಗೆ ಹುಟ್ಟುಹಬ್ಬದ ಫ್ಲೆಕ್ಸ್ ಇದೆ.

ಫ್ರಾನ್ಸಿನ ಫ್ರೆನೆಲ್ 1820ರ ದಶಕದಲ್ಲಿ ಗಾಜಿನ ತುಂಡುಗಳನ್ನು ಉಂಗುರ ಉಂಗುರವಾಗಿ ಜೋಡಿಸಿ ಒಂದು ಮಸೂರ ಮಾಡಿದರು. ಒಂದು ದೀಪದ ಬೆಳಕು ಹತ್ತಾರು ಮೈಲಿ ಆಚೆಯ ಹಡಗಿಗೂ ಕಾಣುವಂತಾಯಿತು. ಇದನ್ನು ಓದಿ ಸದಸ್ಯರಿಗೆ ಏನೂ ಆಶ್ಚರ್ಯ ಆಗಲಿಲ್ಲವಂತೆ. ಇಪ್ಪತ್ತು ಮೀಟರ್ ಚರಂಡಿಯನ್ನು ಬೆಂಗಳೂರಿನವರೆಗೂ ಕಾಣಿಸಿದವರು ಅವರು.

ನನಗೆ ತುಂಬಾ ಹಿಡಿಸಿದ್ದು ಎತ್ತರದ ಅಧ್ಯಾಯ. ಲೈಟ್‌ಹೌಸ್ ದೀಪದ ಎತ್ತರವನ್ನು ಸಮುದ್ರದ ನೀರಿನ ಮಟ್ಟದಿಂದ ಅಳೆಯುತ್ತಾರೆ. ಬೀದರ್ ಊರೇ ಸಮುದ್ರಮಟ್ಟದಿಂದ 2,000 ಅಡಿಗಿಂತ ಹೆಚ್ಚು ಎತ್ತರದಲ್ಲಿದೆ. ಅಲ್ಲಿ ಮನೆಯ ಅಂಗಳದಲ್ಲಿ ಚಿಮಣಿ ಬುಡ್ಡಿ ಹಚ್ಚಿಟ್ಟರೂ ಅದು ಕಾಪುವಿನ ದೀಪಕ್ಕಿಂತ ಎತ್ತರ. ಆದ್ದರಿಂದ ಎತ್ತರದಲ್ಲಿ ನಮ್ಮದು ಮುಂದುವರಿದ ಸೀಮೆ, ಹಡಗು ಬರುವುದೊಂದೇ ಬಾಕಿ. ಭೀಮಾ ನದಿಯಲ್ಲಿ ಬರಬಹುದೇ ಅಂತ ಪರಿಶೀಲಿಸಲು ಉಪಸಮಿತಿ ಆಗಿದೆ. ಬೇಸಿಗೆಯಲ್ಲಿ ಉಪಸಮಿತಿ ನದಿಯನ್ನು ನಡೆದೇ ದಾಟಿ ಪರಿಶೀಲಿಸಲಿದೆ.

ನಮ್ಮ ಕಡೆ ತೆರೆಯಬೇಕಾದ ಗೋಪುರ ಚೌಬಾರ. ಅದರ ಮಾತು ವರದಿಯ ಕೊನೆಯ ಪುಟದಲ್ಲಿ ಬರುತ್ತದೆ. ಬೀದರಿನ ಹಳೇ ಊರಿನ ನಡುಮಧ್ಯೆ, ನಾಲ್ಕು ದಾರಿ ಕೂಡುವಲ್ಲಿ ನಿಂತ 71 ಅಡಿಯ ದುಂಡು ಗೋಪುರ ಅದು. ಹಿಂದೆ ಅದರ ಮೇಲೆ ನಿಂತು ಸುತ್ತಲ ಬಯಲನ್ನೆಲ್ಲ ಕಾಯುತ್ತಿದ್ದರು. ಈಗ ಆಟೊಗಳು ಅದನ್ನು ಸುತ್ತು ಹಾಕುತ್ತವೆ. ನಾನಂತೂ ಅದನ್ನು ಬುಡದಿಂದಲೇ ನೋಡಿದವನು.

ಹಳೇ ಗೋಪುರ ಅಂದರೆ ಭಯ ಇರಬೇಕಾದದ್ದೇ. 1981ರಲ್ಲಿ ಕುತುಬ್ ಮಿನಾರ್‌ನ ಮೆಟ್ಟಿಲ ಮೇಲೆ ದೀಪ ಆರಿ, ನೂಕುನುಗ್ಗಲಲ್ಲಿ 45 ಜನ ಸತ್ತರು. ಹೆಚ್ಚಿನವರು ಶಾಲೆಯ ಮಕ್ಕಳು. ಅದನ್ನು ಹಗುರವಾಗಿ ಆಡುವಂತಿಲ್ಲ. ಆದರೆ ಲೈಟ್‌ಹೌಸ್ ಮೆಟ್ಟಿಲೂ ಅಷ್ಟೇ ಇಕ್ಕಟ್ಟು. ಅಲ್ಲಿ ಸ್ವಲ್ಪ ಸ್ವಲ್ಪ ಜನರನ್ನು ಮೇಲೆ ಬಿಡುತ್ತಾರೆ, ಅವರು ಇಳಿದ ಮೇಲೆ ಇನ್ನು ಸ್ವಲ್ಪ ಜನ.

ಸಭೆಯಲ್ಲಿ ಒಬ್ಬ ಹಿರಿಯ ಸದಸ್ಯರು ಇದನ್ನೇ ಕೇಳಿದರಂತೆ. “ಒಂದು ಟಿಕೆಟ್ ಮೇಜು, ಮೆಟ್ಟಿಲಿಗಿ ನಾಕು ದೀಪ, ಎಣಿಸಿ ಬಿಡ್ಲಿಕ್ಕ ಒಬ್ಬ ಮನಷ್ಯಾ. ಇಷ್ಟಿದ್ರ ಸಾಕಲ್ರಿ? ಕೀಲಿಕೈ ಯಾರ ಹತ್ರ ಅದ?”

ಯಾರೂ ಉತ್ತರ ಕೊಡಲಿಲ್ಲ. ಇಷ್ಟು ಕಡಿಮೆ ಖರ್ಚಿನ ಕೆಲಸಕ್ಕೆ ಟೆಂಡರ್ ಕರೆಯುವುದು ಹೇಗೆ ಅಂತ ಎಂಜಿನಿಯರ್ ತಲೆ ಕೆರೆದುಕೊಂಡರು. ಕೊನೆಗೆ ಇನ್ನೊಬ್ಬರು ಎದ್ದು ಸ್ಪೇನ್ ದೇಶದಲ್ಲಿ ರೋಮನ್ನರು ಕಟ್ಟಿದ ಹರ್ಕ್ಯುಲಿಸ್ ಗೋಪುರ ಇದೆ, ಅದರ ದೀಪ ಈಗಲೂ ಉರಿಯುತ್ತಿದೆ, 2009ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ ಅಂತ ತಿಳಿಸಿದರು. ಅದನ್ನು ನೋಡದೆ ಚೌಬಾರಕ್ಕೆ ಕೈ ಹಾಕುವುದು ಸರಿಯಲ್ಲ ಅಂತ ಎಲ್ಲರೂ ಒಪ್ಪಿದರು. ಪಾಸ್‌ಪೋರ್ಟ್ ಇದ್ದವರು ಸೋಮವಾರದೊಳಗೆ ಹೆಸರು ಕೊಡಬೇಕು. ಕೀಲಿಕೈ ಪ್ರಶ್ನೆಯನ್ನು ಮುಂದಿನ ಸಭೆಗೆ ಇಡಲಾಗಿದ್ದು, ಆ ಸಭೆಯ ದಿನಾಂಕವನ್ನು ತಂಡ ಸ್ಪೇನಿನಿಂದ ಬಂದ ಮೇಲೆ ತಿಳಿಸಲಾಗುವುದು.