ಮಾಡು ಸೋರಿದರೆ ಮಕ್ಕಳನ್ನು ಎಣಿಸಿ

ಸರ್ಕಾರಿ ಶಾಲೆಯ ಮಾಡು ಎಷ್ಟು ಸೋರುತ್ತದೆ ಅಂತ ತಿಳಿಯಲು ತಲೆ ಎತ್ತಿ ನೋಡಬೇಕಾಗಿಲ್ಲ. ಹಾಜರಿ ಪುಸ್ತಕ ತೆಗೆದರೆ ಸಾಕು. ನಮ್ಮ ಲೆಕ್ಕ ಇರುವುದೇ ಹಾಗೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಗೆ ವರ್ಷಕ್ಕೊಂದು ಸಂಯುಕ್ತ ಅನುದಾನ ಅಂತ ಇದೆ. ಅದನ್ನು ಹಂಚುವುದು ಮಕ್ಕಳ ತಲೆ ಎಣಿಸಿ. 30 ಮಕ್ಕಳವರೆಗೆ 10,000 ರೂಪಾಯಿ. 100ರವರೆಗೆ 25,000. 250ರವರೆಗೆ 50,000. ಸಾವಿರದ ಮೇಲೆ ಹೋದರೆ ಒಂದು ಲಕ್ಷ. ಸೀಮೆಸುಣ್ಣ, ರಿಜಿಸ್ಟರು, ಪೊರಕೆ, ಫಿನಾಯಿಲು ಎಲ್ಲ ಇದರಲ್ಲೇ. ಕಟ್ಟಡದ ಸಣ್ಣಪುಟ್ಟ ರಿಪೇರಿಯೂ ಇದರಲ್ಲೇ.

ಹಾಸನ ಜಿಲ್ಲೆಯ ಮಳೆಗೆ ಈ ಪಟ್ಟಿಯ ಪ್ರತಿಯನ್ನು ಯಾರೂ ಕಳಿಸಿದಂತಿಲ್ಲ. ಸಕಲೇಶಪುರದಿಂದ ಮೇಲೆ, ಹೆತ್ತೂರು, ಬಿಸಿಲೆ ಕಡೆ, ಹನ್ನೊಂದು ಮಕ್ಕಳ ಶಾಲೆ ಅಂತ ಹನ್ನೊಂದೇ ಹನಿ ಬೀಳಿಸುವ ಸೌಜನ್ಯ ಅದಕ್ಕಿಲ್ಲ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಹೆಂಚಿನ ಮೇಲೆ ಹಾರಿ ಹೋಗುವ ಕೋತಿಗಳೂ ಅಷ್ಟೇ. ದಾಖಲಾತಿ ನೋಡಿಕೊಂಡು ಹಾರುವುದಿಲ್ಲ.

ಈಗ ಈ ಲೆಕ್ಕದ ಚಂದ ನೋಡಿ. ಮಾಡು ಸೋರಿತು. ಅಪ್ಪ ಅಮ್ಮ ಬೇಸತ್ತು ಮಗುವನ್ನು ಕಾನ್ವೆಂಟ್ ವ್ಯಾನಿಗೆ ಹತ್ತಿಸಿದರು. ಶಾಲೆಯಲ್ಲಿ 31 ಇದ್ದದ್ದು 30 ಆಯಿತು. ಅನುದಾನ 25,000ದಿಂದ 10,000ಕ್ಕೆ ಇಳಿಯಿತು. ಒಂದು ಪುಟ್ಟ ಮಗು ಹೋಗುವಾಗ ಬ್ಯಾಗಿನಲ್ಲಿ 15,000 ರೂಪಾಯಿ ಹಾಕಿಕೊಂಡು ಹೋಯಿತು. ಮಾಡು ಇನ್ನಷ್ಟು ಸೋರಿತು. ಇನ್ನೊಂದು ಮಗುವೂ ವ್ಯಾನು ಹತ್ತಿತು. ಕೊನೆಗೆ ಒಂದು ದಿನ ಮೇಲಿನವರು ಬಂದು, 'ಮಕ್ಕಳೇ ಇಲ್ಲವಲ್ಲ, ಈ ಶಾಲೆಗೆ ರಿಪೇರಿ ಯಾಕೆ?' ಎಂದು ಕೇಳಿದರು. ಸರಿಯಾದ ಪ್ರಶ್ನೆ. ಒಂದು ಹತ್ತು ವರ್ಷ ತಡವಾಯಿತು ಅಷ್ಟೇ.

ಇದಕ್ಕೆ ನನ್ನದೊಂದು ಸಲಹೆ ಇದೆ. ಮುಂದಿನ ದಾಖಲಾತಿ ಆಂದೋಲನದಲ್ಲಿ ಕೊಠಡಿಗಳನ್ನೂ ಒಂದನೇ ತರಗತಿಗೆ ಸೇರಿಸಿಕೊಳ್ಳಿ. ಆರು ವರ್ಷ ಯಾವಾಗಲೋ ತುಂಬಿದೆ. ಒಂದು ದಿನವೂ ಗೈರುಹಾಜರಿ ಇಲ್ಲ. ಟಿ.ಸಿ. ಕೇಳುವುದಿಲ್ಲ. ಬಿಸಿಯೂಟವೂ ಬೇಡ. ಕುಡಿಯುವುದು ಮಾತ್ರ ಸ್ವಲ್ಪ ಜಾಸ್ತಿ.

ದಾಖಲೆ ಇಡುವುದರಲ್ಲಿ ನಮ್ಮನ್ನು ಯಾರೂ ಮೀರಿಸಲಾರರು. ಶಾಲೆಗಳ ಮಾಹಿತಿ ಕಲೆಹಾಕುವ ಯುಡೈಸ್ ಅರ್ಜಿಯಲ್ಲಿ ಪ್ರತಿ ಶಾಲೆಯ ಕೊಠಡಿಗಳನ್ನೂ ವಿಂಗಡಿಸಿ ತುಂಬಬೇಕು. ಸುಸ್ಥಿತಿ ಎಷ್ಟು, ಸಣ್ಣ ದುರಸ್ತಿ ಎಷ್ಟು, ದೊಡ್ಡ ದುರಸ್ತಿ ಎಷ್ಟು. ಮೇಷ್ಟ್ರು ಪ್ರತಿ ವರ್ಷ ತುಂಬುತ್ತಾರೆ. ಮೊದಲು ಸಣ್ಣ ದುರಸ್ತಿ ಅಂತ ಬರೆದ ಕೊಠಡಿಯನ್ನು ಕೆಲವು ವರ್ಷ ಬಿಟ್ಟು ದೊಡ್ಡ ದುರಸ್ತಿಗೆ ಬಡ್ತಿ ಕೊಡುತ್ತಾರೆ. ಶಿಕ್ಷಕರಿಗೂ ಇಷ್ಟು ಸಲೀಸಾಗಿ ಬಡ್ತಿ ಸಿಗುವುದಿಲ್ಲ. ನಾಲ್ಕು ಹೆಂಚು ಬದಲಿಸಿದ್ದರೆ ಮುಗಿಯುತ್ತಿದ್ದ ಕೆಲಸ, ಹೆಂಚಿನ ಕೆಳಗಿನ ರೀಪರಿಗೆ ಗೆದ್ದಲು ಹಿಡಿದು, ಗೋಡೆ ನೆನೆದು, ಲಕ್ಷಗಟ್ಟಲೆ ಅಂದಾಜು ಪಟ್ಟಿಯಾಗಿ ಬೆಳೆಯುತ್ತದೆ. ನಾಲ್ಕು ಹೆಂಚಿಗೆ ಫೈಲು ಏಳುವುದಿಲ್ಲ. ಲಕ್ಷ ಆದಮೇಲೆ ನೋಡಿ, ತಾನಾಗಿ ಎದ್ದು ನಡೆಯುತ್ತದೆ.

ನಡೆಯುವ ಕಾಲ ಮಾತ್ರ ವಿಚಿತ್ರ. ಬೇಸಿಗೆ ರಜೆಯಲ್ಲಿ ಮಕ್ಕಳಿಲ್ಲ, ಮಳೆಯಿಲ್ಲ, ಕೆಲಸಕ್ಕೆ ಹೇಳಿ ಮಾಡಿಸಿದ ಹೊತ್ತು. ಆಗ ಫೈಲು ಮೇಜಿನ ಮೇಲಿರುತ್ತದೆ. ಮೇ ಕೊನೆಗೆ ಶಾಲೆ ತೆರೆಯುತ್ತದೆ, ಜೂನ್‌ನಲ್ಲಿ ಮಳೆ ಹಿಡಿಯುತ್ತದೆ, ಕಾರ್ಯಾದೇಶ ಬರುವುದು ಆಮೇಲೆ. ಮಲೆನಾಡಿನ ಜಡಿಮಳೆಯಲ್ಲಿ ಹೆಂಚು ಬಿಚ್ಚುವ ಧೈರ್ಯ ಯಾವ ಗುತ್ತಿಗೆದಾರನಿಗಿದೆ? ಮಳೆ ನಿಲ್ಲುವ ಹೊತ್ತಿಗೆ ಗುತ್ತಿಗೆದಾರ ಬೇರೆ ಕಡೆ ರಸ್ತೆ ಮಾಡುತ್ತಿರುತ್ತಾನೆ. ಜನವರಿಯಲ್ಲಿ ಎಲ್ಲರಿಗೂ ನೆನಪಾಗುತ್ತದೆ. ಮಾರ್ಚ್‌ನಲ್ಲಿ ದುಡ್ಡು ವಾಪಸ್ ಹೋಗುತ್ತದೆ, ಇಲ್ಲವೇ ಹದಿನೈದು ದಿನದಲ್ಲಿ ಸುಣ್ಣ ಬಳಿದು ಬಿಲ್ಲು ಮಾಡುತ್ತಾರೆ. ಇಲ್ಲಿ ಬೇಲೂರು, ಹಳೇಬೀಡಿನ ಉದಾಹರಣೆ ಕೊಡಲು ಕೈ ತುರಿಸುತ್ತದೆ. ಬೇಡ ಬಿಡಿ. ಹೊಯ್ಸಳರಿಗೆ ಮಾರ್ಚ್ ಎಂಡ್ ಇರಲಿಲ್ಲ.

ಅಲ್ಲಿಯವರೆಗೆ ಮಕ್ಕಳನ್ನು ಏನು ಮಾಡುವುದು? ಅದಕ್ಕೂ ವ್ಯವಸ್ಥೆ ಇದೆ. ಮಳೆ ರಜೆ. ಮಾಡು ರಿಪೇರಿ ಮಾಡುವ ಬದಲು ಅದರ ಕೆಳಗಿನವರನ್ನು ಮನೆಗೆ ಕಳಿಸುವುದು. ಆಮೇಲೆ ಶನಿವಾರಗಳಲ್ಲಿ ಪಾಠ ಮಾಡಿ ದಿನ ಸರಿದೂಗಿಸಿದರಾಯಿತು. ಹಳ್ಳ ಉಕ್ಕಿ ರಸ್ತೆ ಮುಳುಗುವ ದಿನ ರಜೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ನಾನು ಹೇಳುತ್ತಿರುವುದು ಹೊರಗೆ ಮಳೆ ನಿಂತರೂ ಒಳಗೆ ನಿಲ್ಲದ ಕೊಠಡಿಗಳ ಬಗ್ಗೆ.

ಹೆಂಚು ಬೇಡ ಅಂತ ತಾರಸಿ ಹಾಕಿದ ಶಾಲೆಗಳ ಕಥೆಯನ್ನೂ ಕೇಳಿ. ಅರಸೀಕೆರೆಯಲ್ಲಿ ಮೋಡ ಕಂಡರೆ ಜನ ಹೊರಗೆ ಬಂದು ನೋಡುತ್ತಾರೆ. ಹೆತ್ತೂರಿನಲ್ಲಿ ಸೂರ್ಯ ಕಂಡರೆ ಬಂದು ನೋಡುತ್ತಾರೆ. ಎರಡು ಕಡೆಯೂ ಶಾಲೆಗೆ ಅದೇ ಮಟ್ಟಸವಾದ ತಾರಸಿ. ಮಲೆನಾಡಿನಲ್ಲಿ ಸ್ವಂತ ಮನೆ ಕಟ್ಟಿದವರು ತಾರಸಿಯನ್ನು ನಂಬಿ ಕೂರುವುದಿಲ್ಲ, ಅದರ ಮೇಲೊಂದು ಶೀಟಿನ ಮಾಡು ಹೊದಿಸುತ್ತಾರೆ. ಶಾಲೆಗೆ ಆ ಶೀಟು ಅಂದಾಜು ಪಟ್ಟಿಯಲ್ಲಿ ಇರುವುದಿಲ್ಲ.

ಅಂಥ ಒಂದು ತಾರಸಿ ಹತ್ತಿ ನೋಡಿದೆ. ಊರಿನ ಹೆಸರು ಬೇಡ, ಮೇಷ್ಟ್ರಿಗೆ ನೋಟಿಸ್ ಬರುತ್ತದೆ. ಪಕ್ಕದಲ್ಲೇ ಕಾಫಿ ತೋಟ. ತೋಟದ ಸಿಲ್ವರ್ ಮರಗಳ ಎಲೆ ಬಿದ್ದು ಬಿದ್ದು ಗಂಟಲ ತನಕ ತುಂಬಿ, ನೀರು ಇಳಿಯುವ ಪೈಪಿನ ಬಾಯಿ ಕಟ್ಟಿದೆ. ತಾರಸಿ ಮೇಲೆ ಅಂಗೈ ಆಳದ ಕೆರೆ. ಎಲೆ ಕೊಳೆತ ಜಾಗದಲ್ಲಿ ಒಂದು ಅರಳಿ ಗಿಡ. ಪರಿಸರ ದಿನಕ್ಕೆ ಅಂತ ಶಾಲೆಯ ಅಂಗಳದಲ್ಲಿ ಫೋಟೊ ಹೊಡೆಸಿ ನೆಟ್ಟ ಸಸಿ ಒಣಗಿ ಕಡ್ಡಿಯಾಗಿತ್ತು. ಯಾರೂ ನೆಡದ ಅರಳಿ ಮಾತ್ರ ಮೇಲೆ ಸೊಂಪಾಗಿ ಬೆಳೆದಿತ್ತು. ಅದರ ಬೇರು ಬಿರುಕಿನೊಳಗೆ ಇಳಿದಿದೆ. ಬಿರುಕಿನಿಂದ ನೀರು ಕಬ್ಬಿಣಕ್ಕೆ ಮುಟ್ಟುತ್ತದೆ. ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ. ಉಬ್ಬಿದಾಗ ಕೆಳಗಿನ ಸಿಮೆಂಟು ಚಕ್ಕೆ ಚಕ್ಕೆಯಾಗಿ ಮೇಜಿನ ಮೇಲೆ ಬೀಳುತ್ತದೆ.

ಇದನ್ನು ತಪ್ಪಿಸಲು ಬೇಕಾದದ್ದು ಒಂದು ಏಣಿ, ಒಂದು ಪೊರಕೆ, ಮಳೆಗೆ ಮೊದಲು ಒಬ್ಬ ಆಳಿನ ಅರ್ಧ ದಿನ. ಆದರೆ ಹತ್ತುವವರು ಯಾರು? ಮಕ್ಕಳನ್ನು ಹತ್ತಿಸುವಂತಿಲ್ಲ, ಹತ್ತಿಸಲೂ ಬಾರದು. ಜವಾನರ ಹುದ್ದೆ ಇಲ್ಲ. ಮೇಷ್ಟ್ರು ಮತದಾರರ ಪಟ್ಟಿ ಹಿಡಿದು ಮನೆ ಮನೆ ಸುತ್ತುತ್ತಿದ್ದಾರೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು ತೋಟದ ಕೆಲಸದಲ್ಲಿದ್ದಾರೆ. ಇನ್ನು ತಾರಸಿ ಗುಡಿಸುವುದಕ್ಕೆ ಯಾವ ಗಣ್ಯರನ್ನು ಕರೆಯುತ್ತೀರಿ? ಹೊಸ ಕೊಠಡಿಗಾದರೆ ಗುದ್ದಲಿ ಪೂಜೆ ಉಂಟು, ಟೇಪು ಕತ್ತರಿಸುವುದುಂಟು, ಕಪ್ಪು ಗ್ರಾನೈಟಿನ ಫಲಕ ಉಂಟು. ಪೈಪಿನ ಬಾಯಿಂದ ಎಲೆ ತೆಗೆದದ್ದಕ್ಕೆ ಯಾರೂ ಹೆಸರು ಕೆತ್ತಿಸುವುದಿಲ್ಲ. ಆ ಶಾಲೆಯಲ್ಲಿ ಇಡೀ ಕಟ್ಟಡದಲ್ಲಿ ಸುಸ್ಥಿತಿಯಲ್ಲಿ ಇದ್ದದ್ದು ಫಲಕ ಒಂದೇ. ಯುಡೈಸ್‌ನಲ್ಲಿ ಅದನ್ನು ಎಲ್ಲಿ ತುಂಬುತ್ತಾರೋ ಕಾಣೆ.

ನಾವು ಕಟ್ಟಡದ ಬಗ್ಗೆ ಚರ್ಚೆ ಮಾಡುವುದೇ ಇಲ್ಲ ಅಂತಲ್ಲ. 2022ರ ನವೆಂಬರ್‌ನಲ್ಲಿ ವಿವೇಕ ಯೋಜನೆಯಡಿ ಕಟ್ಟುವ ಕೊಠಡಿಗಳಿಗೆ ಕೇಸರಿ ಬಣ್ಣ ಹೊಡೆಯಬೇಕೋ ಬೇಡವೋ ಅಂತ ರಾಜ್ಯವೇ ಎರಡು ಪಾಲಾಗಿ ಜಗಳ ಆಡಿತ್ತು. ಮಲೆನಾಡಿನವರು ಆ ಜಗಳಕ್ಕೆ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಇಲ್ಲಿ ಯಾವ ಬಣ್ಣ ಹೊಡೆದರೂ ಆಗಸ್ಟ್ ಹೊತ್ತಿಗೆ ಪಾಚಿ ಬಣ್ಣವೇ. ಪಾಚಿಗೆ ಪಕ್ಷ ಇಲ್ಲ.

ನಿಜವಾದ ರಿಪೇರಿ ನೋಡಬೇಕಾದರೆ ಚುನಾವಣೆ ಬರಬೇಕು. 2023ರ ಮೇ 10ಕ್ಕೂ, 2024ರ ಏಪ್ರಿಲ್ 26ಕ್ಕೂ ಶಾಲೆಗಳು ಮತಗಟ್ಟೆಯಾದವು. ಮತಗಟ್ಟೆ ಅಂದಮೇಲೆ ಇಳಿಜಾರು ದಾರಿ ಬೇಕು, ಲೈಟು ಬೇಕು, ನೀರು ಬೇಕು, ಶೌಚಾಲಯ ಬೇಕು. ಅಧಿಕಾರಿಗಳು ಬಂದು ನಲ್ಲಿ ತಿರುಗಿಸಿ ನೋಡುತ್ತಾರೆ. ಹದಿನೆಂಟು ತುಂಬಿದವರು ಒಂದು ದಿನ ಬಂದು ಹೋಗಲು ಇಷ್ಟು ವ್ಯವಸ್ಥೆ. ಆರು ವರ್ಷದವರು ದಿನಾ ಬರುತ್ತಾರೆ, ಅವರಿಗೆ ಬೆರಳಿಗೆ ಶಾಯಿ ಹಾಕುವಂತಿಲ್ಲವಲ್ಲ.

ಬಿದ್ದೇ ಹೋಗುವ ಕೊಠಡಿಯನ್ನು ಕೆಡವುವುದೂ ಸುಲಭವಲ್ಲ. ಎಂಜಿನಿಯರು ಬಂದು ಅಯೋಗ್ಯ ಅಂತ ಬರೆದುಕೊಡಬೇಕು, ಹಳೇ ಸಾಮಾನಿಗೆ ಬೆಲೆ ಕಟ್ಟಬೇಕು, ಮೇಲಿನಿಂದ ಅನುಮತಿ ಬರಬೇಕು, ಹರಾಜು ಆಗಬೇಕು. ಅಲ್ಲಿಯವರೆಗೆ ಬಾಗಿಲ ಮೇಲೆ 'ಶಿಥಿಲ ಕೊಠಡಿ, ಪ್ರವೇಶವಿಲ್ಲ' ಅಂತ ಬರೆದಿಡುತ್ತಾರೆ. ಒಂದನೇ ತರಗತಿಯವರು ಅದನ್ನು ಓದಲು ಕಲಿಯುವಷ್ಟರಲ್ಲಿ ಗೋಡೆ ತಾಳಿದರೆ ಸಾಕು. ಆಲೂರು, ಸಕಲೇಶಪುರದ ಕಾಡಾನೆಗಳು ಮಾತ್ರ ಯಾವ ಅನುಮತಿಯನ್ನೂ ಕೇಳದೆ ಗೋಡೆ ಕೆಡವುತ್ತವೆ. ಅವು ಸರ್ಕಾರಿ ಕೆಲಸಕ್ಕೆ ಸೇರಿಲ್ಲ.

ಇನ್ನು ಹಾಸನ ಪೇಟೆಗೆ ಬನ್ನಿ. ಇಲ್ಲಿ ಕಥೆ ಉಲ್ಟಾ. ಮೇಲೆ ಮಲೆನಾಡಿನಲ್ಲಿ ಕೊಠಡಿ ಇದೆ, ಮಕ್ಕಳಿಲ್ಲ. ಇಲ್ಲಿ ಮಕ್ಕಳಿದ್ದಾರೆ, ಕೊಠಡಿ ಇಲ್ಲ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಅದನ್ನು ಒಂದೇ ಜಿಲ್ಲೆಯಲ್ಲಿ ಸಾಧಿಸಿದ್ದೇವೆ. ರಿಂಗ್ ರೋಡ್ ಆಚೆ ಬಡಾವಣೆ ಮೇಲೆ ಬಡಾವಣೆ. ನಕ್ಷೆಯಲ್ಲಿ ನಾಗರಿಕ ಸೌಲಭ್ಯಕ್ಕೆ ಅಂತ ಸೈಟು ಬಿಟ್ಟಿರುತ್ತಾರೆ. ಅದರಲ್ಲಿ ಸಮುದಾಯ ಭವನ ಏಳುತ್ತದೆ, ದೇವಸ್ಥಾನ ಏಳುತ್ತದೆ. ಶಾಲೆ ಎದ್ದರೆ ಖಾಸಗಿಯವರದ್ದು.

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ಹೇಳಿದೆ, ಒಬ್ಬ ಶಿಕ್ಷಕರಿಗೆ ಕನಿಷ್ಠ ಒಂದು ಕೊಠಡಿ ಬೇಕು. ಕಚೇರಿ, ಸ್ಟೋರು, ಮುಖ್ಯ ಶಿಕ್ಷಕರ ಕೋಣೆ ಮೂರೂ ಸೇರಿ ಒಂದಾದರೂ ಸಾಕು ಅಂತ ಕಾಯ್ದೆಯೇ ದಾರಿ ತೋರಿಸಿತು. ಒಂದು ಕೋಣೆಯಲ್ಲಿ ಮೂರು ಕೆಲಸ ಅಂತ ಕೇಳಿದ್ದೇ ತಡ, ನಾವು ಎಲ್ಲ ಕೋಣೆಗಳಿಗೂ ಅದನ್ನೇ ಹಿಡಿದೆವು. 2019ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾಯಿತು. ಆಮೇಲೆ ಅಂಥ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿಯೂ ಬಂತು. ಜನ ಮುಗಿಬಿದ್ದರು. ಮಾಧ್ಯಮ ಎರಡಾಯಿತು, ಕೊಠಡಿ ಎರಡಾಗಲಿಲ್ಲ. ಈಗ ನಡುವೆ ಒಂದು ಬೀರು ನಿಲ್ಲಿಸಿದ್ದಾರೆ. ಬೀರುವಿನ ಈಚೆ 'ಅ, ಆ, ಇ, ಈ'. ಆಚೆ 'ಎ ಫಾರ್ ಆಪಲ್'. ಕನ್ನಡದ ಕಡೆ ದನಿ ಜೋರು, ಇಂಗ್ಲಿಷಿನ ಕಡೆ ಫ್ಯಾನು ಇದೆ. ಮಧ್ಯದಲ್ಲಿ ಕೂತವರಿಗೆ ಎರಡು ಮಾಧ್ಯಮವೂ ಉಚಿತ.

ಇದರಲ್ಲಿ ನನಗೆ ಅರ್ಥವಾಗದ್ದು, ಪ್ರತಿ ಜೂನ್‌ನಲ್ಲೂ ಎಲ್ಲರಿಗೂ ಆಗುವ ಆಶ್ಚರ್ಯ. 'ಇಷ್ಟೊಂದು ಮಕ್ಕಳು ಎಲ್ಲಿಂದ ಬಂದ್ರು?' ಅಂತ ಕೇಳುತ್ತಾರೆ. ಆರು ವರ್ಷದ ಮಗು ಆಕಾಶದಿಂದ ಉದುರಿತೇ? ಅದು ಹೊಟ್ಟೆಯಲ್ಲಿದ್ದಾಗಲೇ ಆಶಾ ಕಾರ್ಯಕರ್ತೆ ತಾಯಿ ಕಾರ್ಡ್‌ನಲ್ಲಿ ಬರೆದಿದ್ದಾರೆ. ಹುಟ್ಟಿದ್ದು ದಾಖಲಾಗಿದೆ. ಪೋಲಿಯೊ ಹನಿ ಹಾಕಿದ ಲೆಕ್ಕ ಇದೆ. ಅಂಗನವಾಡಿಯಲ್ಲಿ ತಿಂಗಳು ತಿಂಗಳೂ ತೂಕ ನೋಡಿದ್ದಾರೆ. ಆ ಮಗು ಎಷ್ಟು ಗ್ರಾಂ ಹೆಚ್ಚಾಯಿತು ಅಂತ ಒಂದು ಇಲಾಖೆಗೆ ಗೊತ್ತು. ಅದಕ್ಕೆ ಕೂರಲು ಎರಡಡಿ ಜಾಗ ಬೇಕು ಅಂತ ಇನ್ನೊಂದು ಇಲಾಖೆಗೆ ಜೂನ್‌ನಲ್ಲೇ ಗೊತ್ತಾಗಬೇಕು. ಎರಡು ಕಚೇರಿಗಳ ನಡುವೆಯೂ ಒಂದು ಬೀರು ಇರಬೇಕು.

ಇಷ್ಟೆಲ್ಲ ಆದಮೇಲೆ ಒಂದು ಹೊಸ ಕೊಠಡಿ ಮಂಜೂರಾಯಿತು ಅಂತ ಇಟ್ಟುಕೊಳ್ಳಿ. ಎಲ್ಲಿಗೆ? ಹನ್ನೊಂದು ಮಕ್ಕಳ ಶಾಲೆಗೆ. ಎಸ್‌ಡಿಎಂಸಿ ಅಧ್ಯಕ್ಷರಿಗೇ ಗಾಬರಿ. ಅಧಿಕಾರಿಯನ್ನು ಕೇಳಿದರು.

'ಸಾರ್, ನಮ್ಮಲ್ಲಿ ಇರೋ ಕೊಠಡಿಗಳೇ ಖಾಲಿ ಇವೆ. ಅವನ್ನ ಸೋರದ ಹಾಗೆ ಮಾಡಿಕೊಟ್ರೆ ಸಾಕಲ್ವಾ? ಇದನ್ನ ಪೇಟೆ ಶಾಲೆಗೆ ಕೊಡಿ.'

'ಪೇಟೆಯಲ್ಲಿ ಜಾಗ ಎಲ್ಲಿದೆ ಅಧ್ಯಕ್ಷರೇ? ಇಲ್ಲಾದ್ರೆ ಜಾಗಾನೂ ಇದೆ, ರಸ್ತೆ ಪಕ್ಕಾನೂ ಇದೆ. ರಿಪೇರಿಗೆ ಲೆಕ್ಕದ ಹೆಡ್ಡೇ ಇಲ್ಲ, ಹೊಸದಕ್ಕೆ ಇದೆ. ಸುಮ್ನೆ ತಗೊಳ್ಳಿ.'

'ಪೂಜೆ ಯಾವಾಗ ಸಾರ್?'

'ಜೂನ್ ಮೂರನೇ ವಾರ ಸಾಹೇಬ್ರ ಡೇಟ್ ಸಿಕ್ಕಿದೆ. ಮಳೆ ಜೋರಿರುತ್ತೆ, ಈಗಲೇ ಹೇಳಿಬಿಡ್ತೀನಿ. ಬಟ್ಟೆ ಶಾಮಿಯಾನ ಬೇಡ. ಶೀಟು ಹಾಕಿಸಿ, ಜಾಯಿಂಟೆಲ್ಲ ನೋಡಿ. ವೇದಿಕೆ ಮೇಲೆ ಒಂದು ಹನಿ ಬೀಳಬಾರದು.'